ಶುಗರ್ ಇರುವ ಮಗುವನ್ನು ಮರದ ಕೆಳಗೆ ಕೂರಿಸಿದ್ದು ಸಾಕು

ನವೆಂಬರ್ 14 ಅಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಬೆಳಿಗ್ಗೆ ನೆಹರೂ ಫೋಟೋಗೆ ಹೂವು, ಆಮೇಲೆ ಓಟ, ಚಮಚದಲ್ಲಿ ನಿಂಬೆಹಣ್ಣು, ಗೋಣಿಚೀಲದ ಓಟ, ಮ್ಯೂಸಿಕಲ್ ಚೇರ್. ಅದೇ ದಿನ ವಿಶ್ವ ಮಧುಮೇಹ ದಿನ ಕೂಡ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು, ಅದಕ್ಕೇ ಆ ತಾರೀಖು. ಎರಡೂ ಒಂದೇ ದಿನಕ್ಕೆ ಬಿದ್ದಿರುವುದು ಕಾಕತಾಳೀಯ. ಆದರೆ ಆ ದಿನ ಎಲ್ಲರೂ ಓಡುತ್ತಿರುವಾಗ ಮೈದಾನದ ಅಂಚಿನಲ್ಲಿ ಬೇರೆಯವರ ಚಪ್ಪಲಿ ಕಾಯುತ್ತಾ ಕೂತಿರುವ ಶುಗರ್ ಇರುವ ಮಗು ಅಲ್ಲಿಗೆ ತಾನಾಗಿ ಹೋಗಿ ಕೂತಿಲ್ಲ. ನಾವು ದೊಡ್ಡವರು ಕೂರಿಸಿದ್ದೇವೆ.

ನಾವು ಹೇಳಬೇಕಿರುವುದು ಇಷ್ಟು. ಟೈಪ್ 1 ಡಯಾಬಿಟಿಸ್ ಇರುವ ಮಗು ಆಡಬೇಕು. ಓಡಬೇಕು, ಕಬಡ್ಡಿ ಆಡಬೇಕು, ಗೆದ್ದರೆ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೂ ಹೋಗಬೇಕು. ಅದಕ್ಕೆ ಬೇಕಾದ ವ್ಯವಸ್ಥೆ ದೊಡ್ಡದೇನಲ್ಲ. ಪೀಟಿ ಮೇಷ್ಟ್ರ ಜೇಬಿನಲ್ಲಿ ಒಂದಿಷ್ಟು ಸಕ್ಕರೆ, ಹತ್ತಿರದಲ್ಲಿ ಶುಗರ್ ನೋಡುವ ಮಿಷನ್, ಏನಾದರೂ ಆದರೆ ಏನು ಮಾಡಬೇಕು ಅಂತ ಗೊತ್ತಿರುವ ಇಬ್ಬರು ದೊಡ್ಡವರು. ಇಷ್ಟು ಮಾಡಲಾರದೆ ಮಗುವನ್ನೇ ಮೂಲೆಗೆ ಕೂರಿಸಿ, ಅದಕ್ಕೆ ಕಾಳಜಿ ಅಂತ ಹೆಸರಿಟ್ಟುಕೊಂಡಿದ್ದೇವೆ.

ಮೊದಲು ಕಾಯಿಲೆಯ ವಿಷಯ. ನಮ್ಮ ಊರುಗಳಲ್ಲಿ 'ಶುಗರ್' ಅಂದ ಕೂಡಲೇ ಐವತ್ತು ದಾಟಿದ ಹೊಟ್ಟೆ ದಪ್ಪದ ಗೌಡರು ನೆನಪಿಗೆ ಬರುತ್ತಾರೆ. ಅವರಿಗೆ ಬಂದಿರುವುದು ಸಾಮಾನ್ಯವಾಗಿ ಟೈಪ್ 2. ಅವರ ಮೈಯಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ಮಕ್ಕಳಿಗೆ ಬರುವುದು ಹೆಚ್ಚಾಗಿ ಟೈಪ್ 1. ಇದರಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದು ಹಾಕುತ್ತದೆ. ಮಗು ಜಾಮೂನು ಜಾಸ್ತಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ಬಸುರಿಯಲ್ಲಿ ಮಾವಿನಹಣ್ಣು ತಿಂದದ್ದರಿಂದಲೂ ಅಲ್ಲ. ಅಂಟುವುದೂ ಇಲ್ಲ. ಇನ್ಸುಲಿನ್ ಹೊರಗಿನಿಂದ ಚುಚ್ಚಲೇಬೇಕು, ದಿನಾ, ಬದುಕಿರುವ ತನಕ. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಇಪ್ಪತ್ತು ವರ್ಷದೊಳಗಿನ ಇಂಥ ಮಕ್ಕಳು 2 ಲಕ್ಷಕ್ಕೂ ಹೆಚ್ಚು. ನಿಮ್ಮ ತಾಲೂಕಿನಲ್ಲಿ ಒಬ್ಬರೂ ಇಲ್ಲ ಅಂದುಕೊಂಡಿದ್ದರೆ, ಇದ್ದಾರೆ, ಯಾರೂ ಹೇಳಿಕೊಂಡಿಲ್ಲ.

ನೂರು ವರ್ಷದ ಹಿಂದೆ ಈ ಕಾಯಿಲೆ ಬಂದ ಮಗು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಬದುಕುತ್ತಿತ್ತು. ಉಪವಾಸ ಕೆಡವುವುದೇ ಆಗಿನ ಚಿಕಿತ್ಸೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಎಲುಬಿನ ಗೂಡಾಗಿದ್ದ ಆ ಹುಡುಗ ಆಮೇಲೆ ಹದಿಮೂರು ವರ್ಷ ಬದುಕಿದ. ಈಗ ಇನ್ಸುಲಿನ್ ಸಿಗುವ ಕಡೆ, ಸರಿಯಾಗಿ ನೋಡಿಕೊಂಡರೆ, ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಮುದುಕರಾಗುವವರೆಗೂ ಇರುತ್ತಾರೆ. ಅಷ್ಟು ದೂರ ಬಂದ ಮೇಲೆ ನಾವು ಆ ಮಗುವಿಗೆ ಲಗೋರಿ ಆಡಬೇಡ ಅನ್ನುತ್ತಿದ್ದೇವೆ.

ಆಟ ಬೇಡ ಅನ್ನುವವರ ಭಯಕ್ಕೆ ಕಾರಣ ಇಲ್ಲದಿಲ್ಲ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನಮಗೆ ಇಷ್ಟವಿಲ್ಲ.

ಓಡುವಾಗ ಸ್ನಾಯುಗಳಿಗೆ ಸಕ್ಕರೆ ಬೇಕು, ರಕ್ತದಿಂದ ಎಳೆದುಕೊಳ್ಳುತ್ತವೆ. ಬೇರೆ ಮಕ್ಕಳಲ್ಲಿ ಓಟ ಶುರುವಾದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನು ಕಡಿಮೆ ಮಾಡುತ್ತದೆ. ಕೆರೆ ತೂಬಿನಂತೆ, ಬೇಕಾದಾಗ ಎತ್ತುತ್ತದೆ, ಸಾಕಾದಾಗ ಇಳಿಸುತ್ತದೆ. ನಮ್ಮ ಟೈಪ್ 1 ಮಗುವಿಗೆ ಆ ತೂಬೇ ಇಲ್ಲ. ಬೆಳಿಗ್ಗೆ ಚುಚ್ಚಿದ ಇನ್ಸುಲಿನ್ ಗದ್ದೆಗೆ ಬಿಟ್ಟ ನೀರು, ವಾಪಸ್ ಕೆರೆಗೆ ಕರೆಯಲಾಗುವುದಿಲ್ಲ. ಆ ಇನ್ಸುಲಿನ್ ಒಂದು ಕಡೆ ಸಕ್ಕರೆ ಇಳಿಸುತ್ತಿರುತ್ತದೆ, ಓಟ ಇನ್ನೊಂದು ಕಡೆ ಇಳಿಸುತ್ತದೆ. ಎರಡೂ ಸೇರಿದರೆ ಶುಗರ್ ಬೇಗ ಬಿದ್ದುಹೋಗಬಹುದು. ಇದಕ್ಕೇ 'ಲೋ' ಆಯಿತು ಅನ್ನುವುದು. 70ಕ್ಕಿಂತ ಕೆಳಗೆ ಬಂದರೆ ಲೋ, 54ಕ್ಕಿಂತ ಕೆಳಗೆ ಹೋದರೆ ಅಪಾಯ.

ಆದರೆ ಎಲ್ಲ ಆಟವೂ ಒಂದೇ ಥರ ಅಲ್ಲ. ಇದು ನಮ್ಮ ಮೇಷ್ಟ್ರುಗಳಿಗೂ ಅನೇಕ ಹೆತ್ತವರಿಗೂ ಗೊತ್ತಿಲ್ಲದ ವಿಷಯ. ನಿಧಾನವಾಗಿ ಬಹಳ ಹೊತ್ತು ಮಾಡುವ ಚಟುವಟಿಕೆ, ಅಂದರೆ ದೂರ ನಡೆಯುವುದು, ಸೈಕಲ್ ತುಳಿಯುವುದು, ಮೈದಾನ ಸುತ್ತುವುದು, ಇವು ಶುಗರ್ ಇಳಿಸುತ್ತವೆ. ಆದರೆ ಜೋರಾಗಿ, ಚುಟುಕಾಗಿ, ಮೈಯೆಲ್ಲ ಬಿಗಿ ಹಿಡಿದು ಆಡುವ ಆಟದಲ್ಲಿ ಉಲ್ಟಾ ಆಗಬಹುದು. ಕಬಡ್ಡಿಯಲ್ಲಿ ರೈಡ್ ಹೋದ ಹುಡುಗನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ನೂರು ಮೀಟರ್ ಓಟದಲ್ಲೂ ಹಾಗೇ. ಆಟ ಮುಗಿದ ಕೂಡಲೇ ಮಿಷನ್ ಹಾಕಿ ನೋಡಿದರೆ 240 ತೋರಿಸುತ್ತದೆ, ಮನೆಯವರು ಗಾಬರಿಯಾಗಿ ಇನ್ನೊಂದು ಸೂಜಿ ಇನ್ಸುಲಿನ್ ಏರಿಸಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ಸಕ್ಕರೆ ತಾನಾಗಿ ಇಳಿಯುವಾಗ, ಏರಿಸಿದ ಇನ್ಸುಲಿನ್ ಕೂಡ ಕೆಲಸ ಶುರು ಮಾಡುತ್ತದೆ, ಮಗು ಲೋ ಆಗುತ್ತದೆ. ಇದರಲ್ಲಿ ಆಟದ ತಪ್ಪು ಏನೂ ಇಲ್ಲ. ತಿಳಿಸಿ ಹೇಳುವವರು ಇರಲಿಲ್ಲ, ಅಷ್ಟೇ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಸಂಜೆ ಚೆನ್ನಾಗಿ ಆಡಿದ ಮಗುವಿನ ಶುಗರ್ ರಾತ್ರಿ ನಿದ್ದೆಯಲ್ಲಿ ಇಳಿಯಬಹುದು. ಖಾಲಿಯಾದ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ತುಂಬಿಕೊಳ್ಳುತ್ತಲೇ ಇರುತ್ತವೆ, ಒಮ್ಮೊಮ್ಮೆ ಮಾರನೆಯ ದಿನದವರೆಗೂ. ಕ್ರೀಡಾಕೂಟದ ದಿನ ಮೈದಾನದಲ್ಲಿ ಎಲ್ಲರೂ ಕಣ್ಣಿಟ್ಟು ಕಾಯುತ್ತಾರೆ, ರಾತ್ರಿ ಎಲ್ಲರೂ ಗೊರಕೆ ಹೊಡೆಯುತ್ತಾರೆ. ಕಾಯಬೇಕಿರುವುದು ರಾತ್ರಿಯೂ. ಮಲಗುವ ಮುಂಚೆ ಒಮ್ಮೆ ನೋಡಿ, ಕಡಿಮೆ ಇದ್ದರೆ ಹಾಲು-ಬಾಳೆಹಣ್ಣು ಕೊಟ್ಟು, ಜಾಸ್ತಿ ಆಡಿದ ದಿನ ಮಧ್ಯರಾತ್ರಿ ಎದ್ದು ಇನ್ನೊಮ್ಮೆ ನೋಡಬೇಕು. ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಬೇಕೇ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಂಡಿರಬೇಕು.

ಭಯಕ್ಕೆ ಕಾರಣ ಇದೆ ಅಂತ ಒಪ್ಪಿದೆವು. ಈಗ ಆ ಭಯ ಎಷ್ಟು ಅರ್ಧಂಬರ್ಧ ಅನ್ನುವುದನ್ನು ನೋಡಿ.

ನಮ್ಮಲ್ಲಿಬ್ಬರು ಶಾಲಾ ಮೈದಾನಗಳ ಸ್ಥಿತಿ ಬಗ್ಗೆ ಬರೆಯಲು ಊರೂರು ತಿರುಗುವಾಗ ಏಳನೇ ಕ್ಲಾಸಿನ ಒಬ್ಬ ಹುಡುಗಿ ಸಿಕ್ಕಳು. ಊರು, ಶಾಲೆ ಯಾವುದೂ ಹೇಳುವುದಿಲ್ಲ, ಅವಳ ಅಮ್ಮ ಬೇಡ ಅಂದಿದ್ದಾರೆ, ಮುಂದೆ ಮದುವೆ ಮಾಡಬೇಕಲ್ಲ ಅಂತ. ಪೀಟಿ ಪೀರಿಯಡ್ಡಿನಲ್ಲಿ ಹೊಂಗೆಮರದ ಕೆಳಗೆ ಕೂತಿದ್ದಳು, ಸುತ್ತ ಎಲ್ಲರ ಚಪ್ಪಲಿ, ಬ್ಯಾಗು. ಶಾಲೆಯವರು ಅಮ್ಮನ ಹತ್ತಿರ ಕಾಗದ ಬರೆಸಿಕೊಂಡಿದ್ದರು, ಮಗಳಿಗೆ ಏನಾದರೂ ಆದರೆ ಶಾಲೆ ಜವಾಬ್ದಾರಿ ಅಲ್ಲ ಅಂತ. "ಬರೆದುಕೊಡಿ ಅಂದ್ರು ಮೇಡಂ, ಹೆಬ್ಬೆಟ್ಟು ಒತ್ತಿ ಬಂದೆ," ಅಂದರು ಅಮ್ಮ. ಆ ಹುಡುಗಿ ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ನೀರು ಹೊರುತ್ತಾಳೆ. ಶಾಲೆಗೆ ಎರಡು ಕಿಲೋಮೀಟರ್ ನಡೆಯುತ್ತಾಳೆ. ಭಾನುವಾರ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಾಳೆ. ನಮ್ಮವಳೊಬ್ಬಳನ್ನು ಕೇಳಿದಳು, "ಆಟ ಆಡಿದ್ರೆ ಶುಗರ್ ಬೀಳುತ್ತೆ ಅಂತಾರೆ, ನೀರು ಹೊತ್ರೆ ಬೀಳಲ್ವಾ ಅಕ್ಕ?"

ಬೀಳುತ್ತದೆ. ಸ್ನಾಯುವಿಗೆ ಆಟಕ್ಕೂ ಕೆಲಸಕ್ಕೂ ವ್ಯತ್ಯಾಸ ಗೊತ್ತಿಲ್ಲ. ಕೊಡ ಹೊತ್ತರೂ ಅದು ವ್ಯಾಯಾಮ, ಕಳೆ ಕಿತ್ತರೂ ವ್ಯಾಯಾಮ, ದನ ಅಟ್ಟಿಕೊಂಡು ಗುಡ್ಡ ಹತ್ತಿದರೂ ವ್ಯಾಯಾಮ. ಹೊಲದಲ್ಲಿ ಬಿಸಿಲಿಗೆ ತಲೆ ಸುತ್ತಿತು ಅಂತ ಮನೆಯವರು ಹೇಳುವ ಎಷ್ಟೋ ಪ್ರಸಂಗ ಲೋ ಆಗಿರಬಹುದು. ಆಗ ಯಾರೂ ಸಕ್ಕರೆ ಕೊಡುವುದಿಲ್ಲ, ಮಿಷನ್ ಹಾಕಿ ನೋಡುವುದಿಲ್ಲ, ಯಾಕೆಂದರೆ ಅದನ್ನು ಆಟ ಅಂತ ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಮಗುವಿಗೆ ಖುಷಿ ಕೊಡುವ ಶ್ರಮ ಮಾತ್ರ ಅಪಾಯ, ಮನೆಗೆ ಲಾಭ ಕೊಡುವ ಶ್ರಮ ಅಪಾಯ ಅಲ್ಲ ಅನ್ನುವುದು ಯಾವ ಊರಿನ ನ್ಯಾಯ? ಹುಡುಗಿಯಾದರಂತೂ ಕೇಳುವುದೇ ಬೇಡ. 'ಅವಳಿಗ್ಯಾಕೆ ಆಟ' ಅನ್ನುವ ಹಳೆಯ ಮಾತಿಗೆ ಈಗ ಡಾಕ್ಟರ ಚೀಟಿಯ ಆಸರೆಯೂ ಸಿಕ್ಕಿದೆ. ಆ ಚೀಟಿಯಲ್ಲಿ ಆಟ ಬೇಡ ಅಂತ ಬರೆದೇ ಇರುವುದಿಲ್ಲ.

ಡಾಕ್ಟರುಗಳು ಬರೆಯುವುದು ಉಲ್ಟಾ. ಎಲ್ಲ ಮಕ್ಕಳೂ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವ ಹಾಗೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಡಯಾಬಿಟಿಸ್ ನೋಡುವ ತಜ್ಞರ ಮಾರ್ಗಸೂಚಿಗಳೂ ಟೈಪ್ 1 ಮಕ್ಕಳಿಗೆ ಇದನ್ನೇ ಹೇಳುತ್ತವೆ. ಆಡಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೃದಯ ಗಟ್ಟಿಯಾಗುತ್ತದೆ, ಎಲುಬು ಗಟ್ಟಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ. ಈ ಮಕ್ಕಳಿಗೆ ಮುಂದೆ ಹೃದಯದ ತೊಂದರೆ ಬೇರೆಯವರಿಗಿಂತ ಹೆಚ್ಚು ಬರುತ್ತದೆ, ಹಾಗಾಗಿ ಅವರಿಗೆ ಆಟ ಬೇರೆ ಮಕ್ಕಳಿಗಿಂತ ಹೆಚ್ಚು ಬೇಕು. ಮರದ ಕೆಳಗೆ ಕೂರಿಸಿ ನಾವು ಕಸಿದುಕೊಳ್ಳುತ್ತಿರುವುದು ಅದನ್ನೇ.

ನಂಬಿಕೆ ಬರದಿದ್ದರೆ ಕ್ರಿಕೆಟ್ ನೋಡುವವರು ವಾಸಿಂ ಅಕ್ರಂ ಅವರನ್ನು ನೆನೆಸಿಕೊಳ್ಳಿ. 1997ರ ಹೊತ್ತಿಗೆ ಅವರಿಗೆ ಟೈಪ್ 1 ಅಂತ ಗೊತ್ತಾಯಿತು. ಆಮೇಲೆ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿದರು, 1999ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನವನ್ನು ಫೈನಲ್ಲಿಗೆ ಕರೆದುಕೊಂಡು ಹೋದರು, 2003ರ ವಿಶ್ವಕಪ್ಪಿನಲ್ಲಿ ಒಂದು ದಿನದ ಪಂದ್ಯಗಳ 500ನೇ ವಿಕೆಟ್ ತೆಗೆದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಟೈಪ್ 1 ಬಂತು, 2000 ಮತ್ತು 2004ರ ಎರಡೂ ಒಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಅವರ ಹಿಂದೆ ಡಾಕ್ಟರುಗಳ ಪಡೆಯೇ ಇತ್ತು, ನಮ್ಮ ಮಕ್ಕಳಿಗೆ ಇಲ್ಲ, ಒಪ್ಪಿದೆವು. ಆದರೆ ನಾವು ಒಲಿಂಪಿಕ್ಸ್ ಕೇಳುತ್ತಿಲ್ಲ, ಖೋಖೋ ಕೇಳುತ್ತಿದ್ದೇವೆ.

ಈಗ ಪೀಟಿ ಮೇಷ್ಟ್ರ ಕಡೆಯಿಂದ ಒಂದು ಮಾತು. ಅವರೊಬ್ಬರು ನಮಗೆ ಹೇಳಿದ್ದು: "ಮಗು ಬಿದ್ದರೆ ಊರವರು ನನ್ನ ಕಾಲರ್ ಹಿಡಿಯುತ್ತಾರೆ. ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಕೂರಿಸಿದರೆ ನನ್ನ ತಲೆ ತಣ್ಣಗಿರುತ್ತದೆ." ಇದು ಸುಳ್ಳಲ್ಲ. ಅನೇಕ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪೀಟಿ ಮೇಷ್ಟ್ರೇ ಇಲ್ಲ, ಇರುವವರಿಗೆ ಜನಗಣತಿಯಿಂದ ಹಿಡಿದು ಚುನಾವಣೆವರೆಗೆ ನೂರೆಂಟು ಕೆಲಸ. ನಮ್ಮ ಸಿಟ್ಟು ಅವರ ಮೇಲಲ್ಲ. ಆದರೆ ಕಾಗದ ಬರೆಸಿಕೊಳ್ಳುವ ಮುಖ್ಯೋಪಾಧ್ಯಾಯರ ಮೇಲೆ ಇದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹಿಡಿಯುವ ಹೊತ್ತಿನಲ್ಲೇ ಕೆಳಗಿನ ವಿಷಯ ಕಲಿತುಬಿಡಬಹುದು. ಅಷ್ಟು ಸುಲಭ.

ಆಟಕ್ಕೆ ಮುಂಚೆ ಮಿಷನ್ ಹಾಕಿ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನಿಸಿ, ಏರಿದ ಮೇಲೆ ಆಟ. 90ರಿಂದ 250ರ ಒಳಗಿದ್ದರೆ ಆಡಬಹುದು. 250 ದಾಟಿದ್ದರೆ ಮೂತ್ರದಲ್ಲೋ ರಕ್ತದಲ್ಲೋ ಕೀಟೋನ್ ಇದೆಯಾ ನೋಡಬೇಕು. ಇದ್ದರೆ ಆ ದಿನ ಆಟ ಬೇಡ. ಅದರ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಕಾಯದೆ ಆಸ್ಪತ್ರೆಗೆ. ಹಿಂದಿನ ದಿನ ಎಚ್ಚರ ತಪ್ಪುವಷ್ಟು ಲೋ ಆಗಿದ್ದರೂ ಆಟಕ್ಕೆ ರಜೆ. ಇವು ಸಾಮಾನ್ಯ ಲೆಕ್ಕ. ನಿಮ್ಮ ಮಗುವಿನ ಡಾಕ್ಟರ್ ಬೇರೆ ಸಂಖ್ಯೆ ಹೇಳಿದ್ದರೆ ಅದೇ ಸರಿ.

ಆಟ ಅರ್ಧ ಗಂಟೆ ದಾಟಿದರೆ ನಡುವೆ ಏನಾದರೂ ತಿನ್ನಬೇಕು. ಇದಕ್ಕೆ ಪೇಟೆಯಿಂದ ಏನೂ ತರಬೇಕಿಲ್ಲ. ಬಿಸಿಯೂಟದ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣು ಇದ್ದೇ ಇರುತ್ತದೆ. ಒಂದು ಬಾಳೆಹಣ್ಣು ಸಾಕು. ಚಿಕ್ಕಿಯಲ್ಲಿ ಕಡಲೆಕಾಯಿಯ ಎಣ್ಣೆ ಇರುವುದರಿಂದ ನಿಧಾನಕ್ಕೆ ಏರಿಸುತ್ತದೆ, ಆಟ ಮುಗಿದ ಮೇಲೆ ಕೊಡಬಹುದು, ಲೋ ಆದಾಗ ಅದು ಕೆಲಸಕ್ಕೆ ಬರುವುದಿಲ್ಲ. ಇಂಜೆಕ್ಷನ್ ವಿಷಯದಲ್ಲಿ ಒಂದು ಸಣ್ಣ ಮಾತು: ಓಡಲು ಹೋಗುವ ಮುಂಚೆ ತೊಡೆಗೆ ಚುಚ್ಚಬೇಡಿ, ಓಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಗೆ ಚುಚ್ಚಿ.

ಲೋ ಆದದ್ದು ಹೇಗೆ ಗೊತ್ತಾಗುತ್ತದೆ? ಕೈ ನಡುಗುತ್ತದೆ, ತಣ್ಣನೆ ಬೆವರು, ಮುಖ ಬಿಳಚಿಕೊಳ್ಳುತ್ತದೆ, ತಡೆಯಲಾರದ ಹಸಿವು. ಸುಮ್ಮನಿದ್ದ ಹುಡುಗ ಇದ್ದಕ್ಕಿದ್ದ ಹಾಗೆ ಜಗಳಕ್ಕೆ ಬೀಳುತ್ತಾನೆ, ಅಥವಾ ಮಾತು ತೊದಲುತ್ತದೆ. ಇದನ್ನು ನೋಡಿ ಮೇಷ್ಟ್ರು ಎರಡೇಟು ಬಿಟ್ಟ ಉದಾಹರಣೆಯೂ ಕೇಳಿದ್ದೇವೆ. ಹೀಗಾದರೆ ಆಟ ನಿಲ್ಲಿಸಿ ಅಲ್ಲೇ ಕೂರಿಸಿ. ಚಿಕ್ಕ ಮಗುವಿಗೆ ಎರಡು ಚಮಚ, ದೊಡ್ಡವರಿಗೆ ಮೂರು ಚಮಚ ಸಕ್ಕರೆ, ನೀರಿಗೆ ಹಾಕಿ ಕುಡಿಸಿ. ಗ್ಲೂಕೋಸ್ ಪುಡಿಯೂ ಆದೀತು. ಚಾಕಲೇಟು, ಲಾಡು ಬೇಡ, ಜಿಡ್ಡು ಇರುವುದರಿಂದ ತಡ ಮಾಡುತ್ತವೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಬಿಸ್ಕತ್ತೋ ಬಾಳೆಹಣ್ಣೋ ಕೊಡಿ. ಮಿಷನ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ ಕೊಟ್ಟುಬಿಡಿ. ಒಂದು ವೇಳೆ ಶುಗರ್ ಕಡಿಮೆ ಇರಲಿಲ್ಲ ಅಂತ ಆಮೇಲೆ ಗೊತ್ತಾದರೂ ಆ ಮೂರು ಚಮಚದಿಂದ ಅನಾಹುತ ಆಗುವುದಿಲ್ಲ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೀರು ಕೂಡ. ಉಸಿರುನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಟೈಪ್ 1 ಮಗು, ಇನ್ಸುಲಿನ್ ತೆಗೆದುಕೊಳ್ಳುತ್ತದೆ, ಲೋ ಆಗಿದೆ ಅಂತ ಬಿಡಿಸಿ ಹೇಳಿ. ಮತ್ತೆ, ಕೆರೆ, ಬಾವಿ, ಕಾಲುವೆಯಲ್ಲಿ ಈ ಮಕ್ಕಳು ಒಬ್ಬರೇ ಈಜಬಾರದು. ಜೊತೆಯಲ್ಲಿ ವಿಷಯ ಗೊತ್ತಿರುವ, ಈಜು ಬರುವ ದೊಡ್ಡವರು ಇರಬೇಕು.

ಮುಗಿಯಿತು. ಇಷ್ಟೇ. ಶಾಲೆಯ ಗೋಡೆ ಮೇಲೆ ಒಂದು ಚಾರ್ಟಿನಲ್ಲಿ ಹಿಡಿಸುತ್ತದೆ.

ಆಟ ಬೇಡ ಅನ್ನುವವರ ಜೊತೆಗೆ ನಮಗೆ ಇನ್ನೊಂದು ಗುಂಪಿನ ಜೊತೆಗೂ ಜಗಳ ಇದೆ. ಅವರು ಆಟ ಬೇಕು, ಇನ್ಸುಲಿನ್ ಬೇಡ ಅನ್ನುವವರು. ದಿನಾ ಮಗುವನ್ನು ಐದು ಕಿಲೋಮೀಟರ್ ಓಡಿಸಿ, ಅಮೃತಬಳ್ಳಿ ಕಷಾಯ ಕುಡಿಸಿ, ಮೂರು ತಿಂಗಳಲ್ಲಿ ಸೂಜಿ ಬಿಡಿಸುತ್ತೇವೆ ಅಂತ ವಾಟ್ಸಾಪಿನಲ್ಲಿ ಬರುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಹಾಗೆ ಹೇಳುವವರಿಗೆ ಟೈಪ್ 1 ಮತ್ತು ಟೈಪ್ 2ರ ವ್ಯತ್ಯಾಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ದುಡ್ಡಿಗೆ ಹೇಳುತ್ತಿದ್ದಾರೆ. ಇನ್ಸುಲಿನ್ ಇಲ್ಲದ ಮೈಯಲ್ಲಿ ಓಡಿದರೆ ಸಕ್ಕರೆ ಸ್ನಾಯುವಿನ ಒಳಗೆ ಸರಿಯಾಗಿ ಹೋಗುವುದೇ ಇಲ್ಲ. ಲಿವರ್ ಇನ್ನಷ್ಟು ಸಕ್ಕರೆ ಬಿಡುತ್ತದೆ, ಮೈ ಕೊಬ್ಬನ್ನು ಸುಡಲು ಶುರು ಮಾಡುತ್ತದೆ, ಕೀಟೋನ್ ತುಂಬಿ ರಕ್ತ ಹುಳಿಯಾಗುತ್ತದೆ. ಮಗು ಒಂದೆರಡು ದಿನದಲ್ಲೇ ಸಾಯಬಹುದು. ಮೇಲೆ ಹೇಳಿದ ಲೆಕ್ಕವೆಲ್ಲ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ. ಆಟದ ದಿನ ಡೋಸ್ ಹೆಚ್ಚು-ಕಡಿಮೆ ಮಾಡಬೇಕಾಗಬಹುದು, ಅದು ಡಾಕ್ಟರ ಜೊತೆ ಮಾತಾಡಿ. ನಿಲ್ಲಿಸುವುದು ಅನ್ನುವ ಮಾತೇ ಇಲ್ಲ.

ಸಕ್ಕರೆಯ ಭಯದ ಬಗ್ಗೆಯೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ 'ಶುಗರ್ ಬೋರ್ಡ್' ಹಾಕಿಸಲು ಹೇಳಿತು, ಯಾವ ಕೂಲ್‌ಡ್ರಿಂಕಿನಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತಿಳಿಯಲಿ ಅಂತ. ಒಳ್ಳೆಯದೇ, ಟೈಪ್ 2 ಈಗ ಮಕ್ಕಳಿಗೂ ಬರುತ್ತಿದೆ. ಆದರೆ ಅದೇ ಗೋಡೆಯ ಮೇಲೆ ಇನ್ನೊಂದು ಸಾಲು ಬೇಕು: ಟೈಪ್ 1 ಇರುವ ಮಗು ನಡುಗುತ್ತಿದ್ದರೆ ಸಕ್ಕರೆಯೇ ಔಷಧಿ. ಇಲ್ಲದಿದ್ದರೆ ಏನಾಗುತ್ತದೆ? ಲೋ ಆದ ಮಗು ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ಬಾಯಿಗೆ ಹಾಕಿಕೊಂಡರೆ, ಪಕ್ಕದ ಮಗು ಎದ್ದು ನಿಂತು "ಮಿಸ್, ಶುಗರ್ ಇದ್ರೂ ಪೆಪ್ಪರ್‌ಮೆಂಟು ತಿಂತಾವ್ಳೆ" ಅಂತ ದೂರು ಹೇಳುತ್ತದೆ. ಮಿಸ್ಸು ಕಿತ್ತುಕೊಳ್ಳುತ್ತಾರೆ.

ದುಡ್ಡಿನ ಮಾತಿಗೆ ಬರೋಣ, ಎಲ್ಲ ಉಪದೇಶವೂ ಇಲ್ಲಿ ಬಂದು ಎಡವುತ್ತದೆ. ಮಿಷನ್‌ಗೆ ಹಾಕುವ ಒಂದು ಸ್ಟ್ರಿಪ್‌ಗೆ ಹೆಚ್ಚೂ ಕಡಿಮೆ ಇಪ್ಪತ್ತು ರೂಪಾಯಿ. ದಿನಕ್ಕೆ ನಾಲ್ಕು ಸಲ ನೋಡಿದರೆ ಎಂಬತ್ತು ರೂಪಾಯಿ, ತಿಂಗಳಿಗೆ 2,400. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಸ್ಟ್ರಿಪ್ ಒಂದಕ್ಕೇ ತಿಂಗಳಲ್ಲಿ ಆರೂವರೆ ದಿನದ ಕೂಲಿ ಹೋಯಿತು. ಇನ್ಸುಲಿನ್, ಸೂಜಿ, ಬಸ್ ಚಾರ್ಜು, ಡಾಕ್ಟರ ಫೀಸು ಬೇರೆ. ಕೂಲಿ ಮಾಡುವ ಮನೆಯವರು ವಾರಕ್ಕೆ ಎರಡು ಸಲ ನೋಡಿದರೆ ಅದೇ ಹೆಚ್ಚು. ಆಟ ಆಡಿದ ದಿನ ಹೆಚ್ಚು ಸಲ ನೋಡಬೇಕು ಅಂತ ಅವರಿಗೆ ಹೇಳುವುದು ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಆದ್ದರಿಂದಲೇ 'ಆಟ ಬೇಡ' ಅನ್ನುವ ಮಾತು ಬಡವರ ಮನೆಯಲ್ಲಿ ಬೇಗ ಗೆಲ್ಲುತ್ತದೆ. ಪೇಟೆಯ ಕಾನ್ವೆಂಟಿನ ಮಗುವಿನ ತೋಳಿಗೆ ಶುಗರ್ ನೋಡುವ ಸೆನ್ಸಾರ್ ಅಂಟಿಸಿರುತ್ತಾರೆ, ಅಮ್ಮ ಮೊಬೈಲಿನಲ್ಲಿ ನೋಡುತ್ತಾ ಇರುತ್ತಾಳೆ, ಆ ಮಗು ಫುಟ್ಬಾಲ್ ಆಡುತ್ತದೆ. ಕಾಯಿಲೆ ಅದೇ, ಮೈದಾನ ಬೇರೆ.

ಹಾಗಾದರೆ ಯಾರನ್ನು ಕೇಳಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ-ಶುಗರ್ ನೋಡಲು ಮಿಷನ್ ಇದೆ, ಸ್ಟ್ರಿಪ್ ಬರುತ್ತದೆ, ಮೂವತ್ತು ದಾಟಿದವರನ್ನು ತಪಾಸಣೆ ಮಾಡುವ ಕಾರ್ಯಕ್ರಮವೇ ಇದೆ. ಒಂಬತ್ತು ವರ್ಷದ ಮಗುವಿನ ಮನೆಗೆ ತಿಂಗಳಿಗೆ ಒಂದಿಷ್ಟು ಸ್ಟ್ರಿಪ್ ಕೊಡಿ ಅಂದರೆ ಯಾಕೆ ಆಗುವುದಿಲ್ಲ? ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರು ಪೀಟಿ ಮೇಷ್ಟ್ರಿಗೆ ಅರ್ಧ ಗಂಟೆ ಕೂತು ಲೋ ಅಂದರೇನು ಅಂತ ಹೇಳಿಕೊಡಲು ಯಾವ ಆದೇಶ ಬೇಕು? ಮೈದಾನ, ಆಟದ ಸಾಮಾನು ಪ್ರತಿ ಶಾಲೆಯಲ್ಲೂ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆ ಮೈದಾನ ಶುಗರ್ ಇಲ್ಲದವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. 2017ರಲ್ಲೇ ಸಿಬಿಎಸ್‌ಇ ಟೈಪ್ 1 ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಗುಳಿಗೆ, ಹಣ್ಣು, ನೀರು ತರಬಹುದು ಅಂತ ಒಪ್ಪಿತು. 2022ರಲ್ಲಿ ಐಸಿಎಂಆರ್ ಟೈಪ್ 1 ಡಯಾಬಿಟಿಸ್‌ಗೇ ಪ್ರತ್ಯೇಕ ಮಾರ್ಗಸೂಚಿ ತಂದಿತು. 2023ರಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಬರೆದ ಪತ್ರದ ಮೇಲೆ ಉತ್ತರ ಪ್ರದೇಶ ಸರ್ಕಾರ ಶಾಲೆಗಳಿಗೆ ಸೂಚನೆ ಕೊಟ್ಟಿತು: ಕ್ಲಾಸಿನಲ್ಲೇ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ತಿನ್ನಲು ಬಿಡಬೇಕು, ಡಾಕ್ಟರ ಸಲಹೆಯಂತೆ ಆಟದಲ್ಲೂ ಸೇರಿಸಬೇಕು ಅಂತ. ನಾವು ಹೋದ ಶಾಲೆಗಳಲ್ಲಿ ಅಂಥದ್ದೊಂದು ಹಾಳೆ ಗೋಡೆ ಮೇಲೆ ಕಾಣಲಿಲ್ಲ. ಕೇಳಿದರೆ "ಮೇಲಿಂದ ಬಂದಿಲ್ಲ" ಅಂದರು. ಮೇಲಿಂದ ಬರುವ ತನಕ ಕಾಯುವ ನಮ್ಮ ಚಟ ಯಾವಾಗ ಹೋಗುತ್ತದೋ. ಬೆಂಗಳೂರಿನಲ್ಲಿ ಸರ್ಕಾರದ್ದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ, ಡಯಾಬಿಟಿಸ್ ನೋಡಲೆಂದೇ ಇರುವ ಆಸ್ಪತ್ರೆ. ಕನ್ನಡದಲ್ಲಿ ಒಂದು ಪುಟದ ಚಾರ್ಟು ಬರೆಸಿ ಪ್ರತಿ ಶಾಲೆಗೆ ಕಳಿಸಲು ಶಿಕ್ಷಣ ಇಲಾಖೆಗೂ ಆರೋಗ್ಯ ಇಲಾಖೆಗೂ ಇದಕ್ಕಿಂತ ಹೆಚ್ಚಿನ ಅನುಕೂಲ ಏನು ಬೇಕು?

ಹೆತ್ತವರಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕಾಯಿಲೆ ಮುಚ್ಚಿಟ್ಟರೆ ಮಗು ಲೋ ಆದಾಗ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಊರಿಗೆಲ್ಲ ಸಾರಬೇಕಿಲ್ಲ. ಪೀಟಿ ಮೇಷ್ಟ್ರು, ಕ್ಲಾಸ್ ಟೀಚರ್, ಬಿಸಿಯೂಟದ ಅಡುಗೆಯಮ್ಮ, ಮಗುವಿನ ಇಬ್ಬರು ಗೆಳೆಯರು, ಇವರಿಗೆ ಹೇಳಿ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಕಲಿಯುತ್ತಾರೆ. ಆ ಏಳನೇ ಕ್ಲಾಸಿನ ಹುಡುಗಿಯ ಗೆಳತಿಯೊಬ್ಬಳು ಬ್ಯಾಗಿನಲ್ಲಿ ಕಾಗದದಲ್ಲಿ ಸುತ್ತಿದ ಸಕ್ಕರೆ ಇಟ್ಟುಕೊಂಡಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಮುಂದಿನ ಎಸ್‌ಡಿಎಂಸಿ ಸಭೆ ಯಾವಾಗ ಅಂತ ವಿಚಾರಿಸಿ, ಹೋಗಿ ಇಷ್ಟು ಕೇಳಿ. ನಮ್ಮ ಶಾಲೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಗು ಇದೆಯಾ? ಇದ್ದರೆ ಪೀಟಿ ಪೀರಿಯಡ್ಡಿನಲ್ಲಿ ಆ ಮಗು ಎಲ್ಲಿರುತ್ತದೆ? ಸಕ್ಕರೆ ಡಬ್ಬಿ ಎಲ್ಲಿದೆ, ಬೀಗ ಹಾಕಿದ ಬೀರುವಿನಲ್ಲೋ, ಮೈದಾನದಲ್ಲೋ? ಹೆತ್ತವರ ಹತ್ತಿರ ಕಾಗದ ಬರೆಸಿಕೊಂಡಿದ್ದರೆ ಅದನ್ನು ಹರಿದು ಹಾಕುವವರು ಯಾರು? ಬಂದ ಉತ್ತರ ನಮಗೆ ಬರೆದು ಕಳಿಸಿ. ಮಗುವಿನ ಹೆಸರು, ಶಾಲೆಯ ಹೆಸರು ಹಾಕುವುದಿಲ್ಲ. ತಾಲೂಕಿನ ಹೆಸರು ಹಾಕಿ, ಬಿಇಒ ಕಚೇರಿಗೂ ತಾಲೂಕು ಆರೋಗ್ಯಾಧಿಕಾರಿ ಕಚೇರಿಗೂ ನಾವೇ ತೆಗೆದುಕೊಂಡು ಹೋಗುತ್ತೇವೆ.